ಹಿತ್ತಿಲ ಸಂದಿಗೆ ಇಳಿಯುವ ಬಿಸಿಲು

ಮಾರ್ಚ್ 9, 2024, ಶನಿವಾರ

ಬೆಂಗಳೂರು ಜಲಮಂಡಳಿಯ ಆದೇಶ ಪತ್ರಿಕೆಯಲ್ಲಿ ಬಂದಿದೆ. ಕುಡಿಯುವ ನೀರನ್ನು ಕೈತೋಟಕ್ಕೆ, ಗಾಡಿ ತೊಳೆಯಲು, ಕಟ್ಟಡ ಕೆಲಸಕ್ಕೆ ಬಳಸಿದರೆ 5000 ರೂಪಾಯಿ ದಂಡ. ಮತ್ತೆ ಮತ್ತೆ ಮಾಡಿದರೆ ದಿನಕ್ಕೆ 500ರಂತೆ ಮೇಲೆ. ಆದೇಶ ಸರಿಯಾಗಿಯೇ ಇದೆ. ಬೋರು ಬತ್ತಿದ ಕಡೆ ಜನ ಟ್ಯಾಂಕರಿಗೆ ಕೊಡ ಹಿಡಿದು ಕಾಯುತ್ತಿರುವಾಗ ಗಿಡಕ್ಕೆ ಪೈಪು ಹಿಡಿಯಲು ನನಗೂ ಮನಸ್ಸು ಬಾರದು. ಇನ್ನು ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೇ ಗಿಡಗಳ ಪಾಲು. ಬಟ್ಟೆ ಒಗೆದ ನೀರು ಮಾತ್ರ ಬೇಡ ಎಂದು ಮನೆಗೆಲಸದಾಕೆಗೂ ಹೇಳಿಟ್ಟೆ. ಸೋಪಿನ ಪುಡಿಯ ಸೋಡಾ ಸೇರಿದರೆ ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಇವರು ಮಾತು ತೆಗೆದರು. "ಹೇಗೂ ನೀರಿಲ್ಲ. ಹಿತ್ತಿಲ ಸಂದಿಗೆ ಕಾಂಕ್ರೀಟ್ ಹಾಕಿಸಿಬಿಡೋಣ ಕಣೇ. ಗೋಡೆಗೆ ಥಂಡಿ ಏರೋದೂ ತಪ್ಪುತ್ತೆ." ಥಂಡಿಯ ಮಾತು ನಿಜ, ಅಡುಗೆಮನೆಯ ಗೋಡೆ ಮೊಳಕಾಲೆತ್ತರದವರೆಗೆ ಬಣ್ಣ ಬಿಟ್ಟಿದೆ. ಅತ್ತೆ ತಲೆಯೆತ್ತದೆ, "ಬರೋ ಸಂಕ್ರಾಂತಿವರೆಗೂ ಅವಳ ಕೈಗೆ ಬಿಡಪ್ಪ," ಅಂದರು. ಇವರು ಹೂಂ ಅಂದರು. ನನಗೆ ಅಷ್ಟು ಸಾಕು.

ಮಾರೇನಹಳ್ಳಿಯ ನಮ್ಮ ಬೀದಿಯಲ್ಲಿ ಮಣ್ಣು ಕಾಣುವ ಹಿತ್ತಿಲು ಈಗ ಇದೊಂದೇ. ಉಳಿದವೆಲ್ಲ ಗ್ರಾನೈಟ್, ಟೈಲ್ಸ್, ಸಿಮೆಂಟು. ಇದನ್ನು ಬಿಡಲಾರೆ.

ಮಾರ್ಚ್ 17, ಭಾನುವಾರ

ಹಾರೆ ಹಿಡಿದು ಸಂದಿಯಲ್ಲಿ ಒಂದಡಿ ಗುಂಡಿ ತೆಗೆದೆ. ಮೇಲೆ ನಾಲ್ಕು ಬೆರಳು ಬೂದು ಧೂಳು. ಅದರ ಕೆಳಗೆ ಇಟ್ಟಿಗೆ ಚೂರು, ಗಾರೆಯ ಹೆಂಟೆ, ಮೊಸಾಯಿಕ್ ತುಂಡು, ಪ್ಲಾಸ್ಟಿಕ್ ಕವರು. ಹಿಂದಿನ ಸೈಟಿನಲ್ಲಿ ನಾಲ್ಕು ಮಹಡಿ ಏಳುವಾಗ ಉದುರಿದ್ದೆಲ್ಲ ಇಲ್ಲಿದೆ. ನಮ್ಮ ಮನೆ ಕಟ್ಟುವಾಗ ಉಳಿದದ್ದು ಅದರಡಿಗಿದೆ.

ಗಾರೆಯ ಹೆಂಟೆಯೊಂದನ್ನು ತೊಳೆದು ಒಗೆಯುವ ಕಲ್ಲಿನ ಮೇಲಿಟ್ಟು ಅರ್ಧ ನಿಂಬೆ ಹಿಂಡಿದೆ. ಸುಯ್ ಎಂದು ಸಣ್ಣ ಸದ್ದು, ಬೆನ್ನಿಗೇ ಮೈತುಂಬ ಬಿಳಿ ನೊರೆ. ಹುಳಿ ತಾಗಿದ ಕಡೆ ಸುಣ್ಣದ ಅಂಶ ಕರಗಿ ಗಾಳಿಯಾಗಿ ಹೋಗುತ್ತಿರುವ ಗುರುತು. ಉಳಿದರ್ಧ ನಿಂಬೆಯನ್ನು ಮುಂದಿನ ತುಳಸಿಕಟ್ಟೆಯ ಕೆಂಪು ಮಣ್ಣಿಗೆ ಹಿಂಡಿದರೆ ನೊರೆಯೂ ಇಲ್ಲ, ಸದ್ದೂ ಇಲ್ಲ. ಬೆಂಗಳೂರಿನ ಅಸಲಿ ಮಣ್ಣು ಇದು. 300 ಕೋಟಿ ವರ್ಷ ಹಳೆಯದು ಎನ್ನುವ ಲಾಲ್‌ಬಾಗಿನ ಬಂಡೆಯಂಥದೇ ಕಲ್ಲು ಸವೆದು, ಕಬ್ಬಿಣದ ಅಂಶದಿಂದ ಕೆಂಪಾಗಿ, ತುಸು ಹುಳಿಗುಣ ಪಡೆದ ಮಣ್ಣು. ಸಂದಿಯಲ್ಲಿ ಅದರ ಮೇಲೆ ಸಿಮೆಂಟು, ಸುಣ್ಣ ಬಿದ್ದು ಗುಣವೇ ತಿರುಗಿದೆ.

ಮೂಲೆಮನೆಯ ಅಜ್ಜಿ ಸದ್ದು ಕೇಳಿ ಬಂದು ನೋಡಿದರು. ಅವರು ಇದೇ ಊರಿನಲ್ಲಿ ಹುಟ್ಟಿದವರು. "ಇಲ್ಲೆಲ್ಲಾ ಹೊಲ ಕಣವ್ವ. ರಾಗಿ ಹಾಕಿದ್ರೆ ಅಕ್ಕಡಿಗೆ ಅವರೆ. ಮಣ್ಣು ಮುಟ್ಟಿದ್ರೆ ಕೈ ಕೆಂಪಾಗೋದು." ಒಂದು ಇಟ್ಟಿಗೆ ಚೂರನ್ನು ಎತ್ತಿ ಗೋಡೆಯ ಪಕ್ಕಕ್ಕಿಟ್ಟು, ಮತ್ತೊಂದನ್ನು ಎತ್ತಿದರು. ಮಧ್ಯಾಹ್ನದವರೆಗೆ ಇಬ್ಬರೂ ಆರಿಸಿದೆವು.

ಮಾರ್ಚ್ 20, ಬುಧವಾರ

ಇವತ್ತು ವಿಷುವ. ಮುಂದಿನ ವಾರ ಎಸ್ಸೆಸ್ಸೆಲ್ಸಿ ಪರೀಕ್ಷೆ, ನಾನು ಕಲಿಸುವ ಶಾಲೆ ಬಿಟ್ಟು ಬರುವಂತಿಲ್ಲ. ಅತ್ತೆಗೆ ಫೋನು ಮಾಡಿ, ಸರಿಯಾಗಿ 12:27ಕ್ಕೆ ಮುಂದಿನ ಅಂಗಳದಲ್ಲಿ ಮನೆಯ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯಲು ಹೇಳಿದ್ದೆ. ಸಂಜೆ ಟೇಪು ಹಿಡಿದು ನೋಡಿದರೆ ಗೋಡೆಯಿಂದ 5 ಅಡಿ 9 ಇಂಚು.

ಲೆಕ್ಕಕ್ಕೆ ಕೂಡಿತು. ಬೆಂಗಳೂರು ಸಮಭಾಜಕದಿಂದ 13 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ಇವತ್ತು ನಡುಹಗಲಿನ ಸೂರ್ಯ ನೆತ್ತಿಯಿಂದ 13 ಡಿಗ್ರಿ ದಕ್ಷಿಣಕ್ಕಿದ್ದಾನೆ. ನಮ್ಮ ಮನೆಗೆ ಉತ್ತರದ ಬಾಗಿಲು, ಎತ್ತರ 25 ಅಡಿ, ಮುಂದಿನ ಅಂಗಳ 6 ಅಡಿ. ಅಂದರೆ ಸೆಪ್ಟೆಂಬರಿನ ವಿಷುವದಿಂದ ಇವತ್ತಿನವರೆಗೆ ಆರು ತಿಂಗಳು ಆ ಅಂಗಳಕ್ಕೆ ನಡುಹಗಲಿನ ಬಿಸಿಲೇ ಇಲ್ಲ. ನಾಳೆಯಿಂದ ನೆರಳು ದಿನಕ್ಕಿಷ್ಟು ಗೋಡೆಯತ್ತ ಸರಿಯುತ್ತದೆ. ನರ್ಸರಿಯವರು ಗಿಡ ಕೊಡುವಾಗ "ಬಿಸಿಲು ಬೀಳುತ್ತಾ?" ಎಂದಷ್ಟೇ ಕೇಳುತ್ತಾರೆ. ಯಾವ ತಿಂಗಳಲ್ಲಿ ಎಂದು ಕೇಳಬೇಕು.

ಏಪ್ರಿಲ್ 2, ಮಂಗಳವಾರ

ಪರೀಕ್ಷೆಗೆ ಕೊಟ್ಟಿದ್ದ ಸಂದಿಯ ಮಣ್ಣಿನ ವರದಿ ಬಂತು. ಪಿಎಚ್ 8.3. ಸಾವಯವ ಇಂಗಾಲ ಶೇ 0.3. ಶೇ 0.5ಕ್ಕಿಂತ ಕಡಿಮೆಯಿದ್ದರೆ ಬಡ ಮಣ್ಣು ಎಂದು ಲೆಕ್ಕ. ಕಬ್ಬಿಣ ಮಣ್ಣಿನಲ್ಲಿ ಇದ್ದೇ ಇದೆ, ಆದರೆ ಇಷ್ಟು ಕ್ಷಾರದಲ್ಲಿ ಅದು ಬೇರಿಗೆ ಸಿಗದ ರೂಪದಲ್ಲಿ ಕೂತುಬಿಡುತ್ತದೆ. ಬೋರು ನೀರು ಸಹ ಗಡಸು, ಹಾಕಿದಷ್ಟೂ ಕ್ಷಾರ ಏರುವುದೇ.

ಏಪ್ರಿಲ್ 9, ಯುಗಾದಿ

ಬೇವು ಬೆಲ್ಲ ಹಂಚಿ ಹಿಂಬಾಗಿಲು ತೆಗೆದರೆ, ಸಂದಿಯ ನೆಲದ ಉತ್ತರದ ಅಂಚಿನಲ್ಲಿ ಒಂದು ಗೇಣು ಬಿಸಿಲು. ಇಷ್ಟು ದಿನ ಹಿಂದಿನ ಕಟ್ಟಡ ಅದನ್ನು ತಡೆದಿತ್ತು. ಸಂದಿ 4 ಅಡಿ ಅಗಲ, ದಕ್ಷಿಣದ ಗೋಡೆ 40 ಅಡಿ, ಉತ್ತರಕ್ಕೆ ನಮ್ಮದೇ 25 ಅಡಿ. ಕೂತು ಲೆಕ್ಕ ಹಾಕಿದೆ: ಇವತ್ತಿನ ಆಸುಪಾಸಿನಿಂದ ಮೇ ಕೊನೆಯವರೆಗೆ ಬಿಸಿಲು ಒಳಗಿಳಿಯುತ್ತದೆ. ಜೂನಿನಲ್ಲಿ ಸೂರ್ಯ ಉತ್ತರಕ್ಕೆ ವಾಲಿದಾಗ ನಮ್ಮ ಮನೆಯೇ ಅಡ್ಡ. ಮತ್ತೆ ಜುಲೈ ನಡುವಿನಿಂದ ಸೆಪ್ಟೆಂಬರ್ ಮೊದಲ ದಿನಗಳವರೆಗೆ ಬಿಸಿಲು. ಆಮೇಲೆ ಯುಗಾದಿಯವರೆಗೆ ಬರೀ ಆಕಾಶದ ಬೆಳಕು.

ಏನು ನೆಡಬೇಕೆಂಬುದು ಇದರಿಂದಲೇ ಬಹುಪಾಲು ತೀರ್ಮಾನವಾಯಿತು. ಟೊಮೆಟೊ, ಬದನೆ, ಗುಲಾಬಿಯ ಆಸೆ ಇಲ್ಲಿ ಬೇಡ. ಮುಂಗಾರಿನಲ್ಲಿ ಚಿಗುರಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುವ ಅರಿಸಿನಕ್ಕೆ ಈ ಸಂದಿಯ ಪಂಚಾಂಗ ಹೊಂದುತ್ತದೆ. ಕೆಸು, ಒಂದೆಲಗ, ದೊಡ್ಡಪತ್ರೆಗೂ ಸರಿ.

ಏಪ್ರಿಲ್ 24, ಬುಧವಾರ

ಶೂನ್ಯ ನೆರಳಿನ ದಿನ. ತಾರಸಿಯಲ್ಲಿ ಪಿವಿಸಿ ಪೈಪು ನೆಟ್ಟಗೆ ನಿಲ್ಲಿಸಿ ಕಾದೆವು. 12:17ಕ್ಕೆ ಪೈಪಿನ ನೆರಳು ಅದರ ಬುಡದೊಳಗೇ ಹೋಯಿತು. ಕೆಳಗೆ ಬಂದು ನೋಡಿದರೆ ಸಂದಿಯ ಪೂರ್ತಿ ನೆಲ ಬೆಳಗಿದೆ, ನಾಲ್ಕಡಿಗೂ. ಇಷ್ಟೂ ಅಗಲಕ್ಕೆ ಬಿಸಿಲು ಬೀಳುವುದು ವರ್ಷದಲ್ಲಿ ಎರಡು ಸಲ, ಈಗೊಮ್ಮೆ ಮತ್ತು ಆಗಸ್ಟ್ 18ರ ಸುಮಾರಿಗೆ. ಸಂದಿ ಪೂರ್ವ-ಪಶ್ಚಿಮವಾಗಿ ಇರುವುದರಿಂದ ಹತ್ತೂವರೆಯಿಂದ ಎರಡರವರೆಗೂ ಬೆಳಕು ನೆಲ ಬಿಟ್ಟು ಕದಲಲಿಲ್ಲ. ಇಷ್ಟು ದಿನ ನಾವು "ಬಿಸಿಲೇ ಕಾಣದ ಜಾಗ" ಎನ್ನುತ್ತಿದ್ದದ್ದು ಇದಕ್ಕೇ.

ನಿನ್ನೆ ರಾತ್ರಿ ಪೇಟೆಯಲ್ಲಿ ಕರಗ. ಈ ಊರಿನ ಹೂವು, ಹಣ್ಣು, ಸೊಪ್ಪಿನ ತೋಟಗಳನ್ನು ಕಟ್ಟಿದ ತಿಗಳರ ಹಬ್ಬ. ಹೋಗಲಾಗಲಿಲ್ಲ, ಮನಸ್ಸಿನಲ್ಲೇ ಕೈಮುಗಿದೆ.

ಏಪ್ರಿಲ್ 30, ಮಂಗಳವಾರ

ತಿಂಗಳಿಡೀ ನಗರದಲ್ಲಿ ಮಳೆ ದಾಖಲಾಗಿಲ್ಲ. ಏಪ್ರಿಲ್ ಹೀಗೆ ಒಣಗಿ ಹೋದದ್ದು 1983ರ ನಂತರ ಇದೇ ಮೊದಲಂತೆ. ಮೊನ್ನೆ ಭಾನುವಾರ 38.5 ಡಿಗ್ರಿ. ತಾರಸಿಯ ಕುಂಡಗಳಲ್ಲಿ ಪುದೀನ ಸುಟ್ಟುಹೋಯಿತು. ಸಂದಿಗೆ ಇಳಿಸಿದ ಕುಂಡದಲ್ಲಿ ಉಳಿದಿದೆ.

ಮೇ 12, ಭಾನುವಾರ

ಮಳೆ ಶುರುವಾಗಿದೆ. ಅರಿಸಿನದ ಕೊಂಬು ನೆಟ್ಟೆ.

ಶಿರಸಿಯ ತವರಿಗೆ, ಆಯಿಗೆ ಫೋನು ಮಾಡಿದ್ದೆ. ನೆರಳು, ಸುಣ್ಣ, ಗೋಡೆ ಎಂದೆಲ್ಲ ಹೇಳಿದ್ದನ್ನು ಕೇಳಿ, "ನೆರಳಲ್ಲಿ ಬಪ್ಪದು ರಾಶಿ ಇದ್ದು. ಮಣ್ಣು ಬರಿಮೈ ಬಿಡಡ," ಅಂದಳು. ಅಷ್ಟೇ ಮಾತು, ಅದರಲ್ಲೇ ಎಲ್ಲ ಇದೆ. ನಾನು ಹುಟ್ಟಿ ಬೆಳೆದದ್ದು ಅಡಿಕೆ ತೋಟದ ಅಂಚಿನಲ್ಲಿ. ಅಲ್ಲಿ ಮೇಲೆ ಅಡಿಕೆಯ ಹೆಡೆ, ಮರಕ್ಕೆ ಮೆಣಸಿನ ಬಳ್ಳಿ, ಕೆಳಗೆ ಬಾಳೆ, ಅದರ ಕೆಳಗೆ ಏಲಕ್ಕಿ. ನೆಲಕ್ಕೆ ಬಿಸಿಲು ಬಿದ್ದರೆ ಚಿಂತೆ ಮಾಡುವವರು ನಾವು. ಮಣ್ಣೂ ಅಲ್ಲಿ ಹುಟ್ಟಾ ಶ್ರೀಮಂತವಲ್ಲ, ಮಳೆ ತೊಳೆದ ಜಂಬಿಟ್ಟಿಗೆ ನೆಲ. ಅದನ್ನು ಸಾಕಿದ್ದು ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಲ್ಲಿ ಕೆನರಾ ಜಿಲ್ಲೆಯ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟದ ಹಕ್ಕು ಇತ್ತು. ಹಸಿ ಸೊಪ್ಪು, ಒಣ ದರಕು ಹೊತ್ತು ತಂದು ತೋಟಕ್ಕೆ ಹೊದಿಸುವುದೇ ವರ್ಷದ ದೊಡ್ಡ ಕೆಲಸ. ಒಂದು ಎಕರೆಯ ಹಸಿರಿಗೆ ಒಂಬತ್ತು ಎಕರೆಯ ಎಲೆ ಬೇಕಾಗುತ್ತಿತ್ತು ಎಂಬುದನ್ನು ಗಿಡಕ್ಕೆ ಒಂದು ಮುಷ್ಟಿ ಗೊಬ್ಬರ ಹಾಕಿ ಕಾಯುವವರು ನೆನಪಿಟ್ಟುಕೊಳ್ಳಬೇಕು.

ಮಾರೇನಹಳ್ಳಿಯಲ್ಲಿ ಬೆಟ್ಟವೆಲ್ಲಿ? ಬೀದಿಯ ಹೊಂಗೆ ಮರಗಳಿವೆ. ಪೌರಕಾರ್ಮಿಕರು ಬೆಳಿಗ್ಗೆ ಗುಡಿಸಿ ಗುಡ್ಡೆ ಮಾಡಿದ ತರಗೆಲೆಗೆ ಯಾರೋ ಸಂಜೆ ಬೆಂಕಿ ಹಚ್ಚುತ್ತಾರೆ. ಹೊಗೆಯ ತೊಂದರೆ ಒಂದು ಕಡೆ, ಮಣ್ಣಿಗೆ ಸಲ್ಲಬೇಕಾದ್ದು ಬೂದಿಯಾಗುವ ಸಂಕಟ ಇನ್ನೊಂದು ಕಡೆ. ಗುಡಿಸುವ ಅಕ್ಕನಿಗೆ ಖಾಲಿ ಗೋಣಿಚೀಲ ಕೊಟ್ಟು ಕೇಳಿಕೊಂಡೆ. "ಎಷ್ಟು ಬೇಕಮ್ಮ? ನಮಗೂ ಹೊರೋದು ತಪ್ಪುತ್ತೆ," ಎಂದು ಅವರೇ ಗೇಟಿನ ಹತ್ತಿರ ಇಟ್ಟುಹೋಗುತ್ತಿದ್ದಾರೆ. ಸಂದಿಯ ನೆಲವನ್ನು ಅಗೆದು ಮಗುಚಲಿಲ್ಲ. ಅಗೆದರೆ ಅಡಿಯ ಸುಣ್ಣವೆಲ್ಲ ಮೇಲೆ ಬರುತ್ತದೆ. ಕೈಗೆ ಸಿಕ್ಕ ಹೆಂಟೆ ಆರಿಸಿ, ಮೇಲೆ ಒಂದು ಗೇಣು ಕೆಮ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಹರಡಿ, ಅದರಲ್ಲಿ ಕೊಂಬು ನೆಟ್ಟು, ಮೇಲಿಂದ ಮೊಣಕಾಲು ಮುಳುಗುವಷ್ಟು ದರಕು. ಗೋಡೆಯ ಬುಡಕ್ಕೆ ಒಂದಡಿ ಅಗಲ ಮಣ್ಣು ತೆಗೆದು ಜಲ್ಲಿ ತುಂಬಿಸಿದ್ದೇನೆ. ಇವರ ಥಂಡಿಗೆ ಅದು ಉತ್ತರ.

ಜೂನ್ 3, ಸೋಮವಾರ

ನಿನ್ನೆ 111.1 ಮಿಲಿಮೀಟರ್ ಮಳೆ. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ 133 ವರ್ಷದ ದಾಖಲೆ. ಮರ ಬಿದ್ದು ಮೆಟ್ರೊ ನಿಂತಿತ್ತು.

ರಾತ್ರಿ ಇವರೇ ಟಾರ್ಚು ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದರು. ಪಕ್ಕದ ಮನೆಯ ಸಿಮೆಂಟು ಓಣಿಯಲ್ಲಿ ನೀರು ಮೆಟ್ಟಿಲ ತನಕ ಏರಿ ಕೊಳಚೆಯೊಂದಿಗೆ ಸುತ್ತುತ್ತಿತ್ತು. ನಮ್ಮ ಸಂದಿಯಲ್ಲಿ ದರಕು ತೇಲಿತು, ಮತ್ತೆ ಕೂತಿತು. ಮಳೆ ನಿಂತ ಸ್ವಲ್ಪ ಹೊತ್ತಿಗೆ ನೀರು ಇಂಗಿಹೋಗಿತ್ತು. ಜಲ್ಲಿಯ ಕಾಲುವೆ ತನ್ನ ಕೆಲಸ ಮಾಡಿತು. ಮಾರ್ಚಿನಲ್ಲಿ ಹನಿ ನೀರಿಗೆ ದಂಡ ಹಾಕಿದ ಊರಿನಲ್ಲಿ ಜೂನಿನಲ್ಲಿ ಇಷ್ಟು ನೀರು ಮೋರಿ ಸೇರಿ ವೃಷಭಾವತಿಗೆ ಹರಿದುಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮನೆಗೆ ನಾಲ್ಕಡಿ ಮಣ್ಣು ಉಳಿಸಿಕೊಂಡಿದ್ದರೂ ಬೀದಿಯಲ್ಲಿ ಎಷ್ಟು ನೀರು ಇಂಗುತ್ತಿತ್ತು!

ಇವರು ಒಳಗೆ ಬಂದು, "ಕಾಂಕ್ರೀಟ್ ಮಾತು ಸದ್ಯಕ್ಕೆ ಬೇಡ," ಅಂದರು.

ಜುಲೈ 14, ಭಾನುವಾರ

ಊರೆಲ್ಲ ಡೆಂಗಿ. ಕುಂಡಗಳ ಅಡಿತಟ್ಟೆ ಎಲ್ಲ ತೆಗೆದಿಟ್ಟೆ. ಬೀದಿಯವರು ನಮ್ಮ ದರಕಿನ ಮೇಲೆ ಸಂಶಯಪಟ್ಟರು. ಸೊಳ್ಳೆಮರಿ ಬೆಳೆಯುವುದು ನಿಂತ ನೀರಿನಲ್ಲಿ, ಒದ್ದೆ ಎಲೆಯಲ್ಲಲ್ಲ ಎಂದು ಕರೆದು ತೋರಿಸಿದೆ.

ಮುಂದಿನ ಅಂಗಳದ ಕೇಪಳದ ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ಹಳೆಯ ಎಲೆ ಚೆನ್ನಾಗಿದೆ. ಕಬ್ಬಿಣ ಸಾಲದಿದ್ದಾಗ ಕಾಣುವ ಚಹರೆ ಹೀಗೆಯೇ. ಸಾರಜನಕದ ಕೊರತೆಯಾದರೆ ಹಳೆಯ ಎಲೆಯೇ ಮೊದಲು ಹಳದಿಯಾಗುತ್ತದೆ. ಇದನ್ನು ನೋಡದೆ ಯೂರಿಯಾ ಸುರಿಯುವವರು ಬಹಳ. ಗೊಬ್ಬರದ ಅಂಗಡಿಯಿಂದ ಅನ್ನಭೇದಿ ತಂದೆ. ಲೀಟರಿಗೆ 5 ಗ್ರಾಂ, ಜೊತೆಗೆ ತುಸು ನಿಂಬೆರಸ, ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಣೆ. ಮಣ್ಣಿಗೆ ಹಾಕಿದರೆ ಸುಣ್ಣ ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇದು ತಾತ್ಕಾಲಿಕ ಮದ್ದು. ಬುಡಕ್ಕೆ ಎಲೆಗೊಬ್ಬರ ಸೇರುತ್ತ ಸೇರುತ್ತ ಮಣ್ಣು ತಿರುಗಬೇಕು.

ಸಂದಿಗೆ ಮತ್ತೆ ಬಿಸಿಲು ಇಳಿಯುತ್ತಿದೆ. ಹಿಂದಿನ ಕಟ್ಟಡದ ಯಜಮಾನರು ತಮ್ಮ ಗೋಡೆಗೆ ನಾವು ಬಿಳಿ ಬಣ್ಣ ಬಳಿಯಲು ಒಪ್ಪಿದರು. ಸುಣ್ಣ ಅಗ್ಗವಾಗುತ್ತಿತ್ತು, ಆದರೆ ಮಳೆಗೆ ಉದುರಿ ಮತ್ತೆ ಮಣ್ಣಿಗೇ ಸೇರುತ್ತದೆ. ಅದಕ್ಕೆ ಪೇಂಟೇ ಆಯಿತು. ಕೆಸುವಿನ ಮೇಲೆ ಬೀಳುವ ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ.

ಆಗಸ್ಟ್ 18, ಭಾನುವಾರ

ಕೆಸು ಮೊರದಗಲ ಎಲೆ ಬಿಟ್ಟಿದೆ. ಪತ್ರೊಡೆ ಮಾಡಿ ಅಜ್ಜಿಗೂ, ಗುಡಿಸುವ ಅಕ್ಕನಿಗೂ ಕೊಟ್ಟೆ. ಬಸಳೆ ಮಾತ್ರ ಬೆಳಕಿಗಾಗಿ ಉದ್ದುದ್ದ ಎಳೆದು ಸೊರಗಿದೆ. ಅದಕ್ಕೆ ಈ ಜಾಗ ಆಗದು.

ಅಕ್ಟೋಬರ್ 20, ಭಾನುವಾರ

ಈ ವಾರದ ಮಳೆಗೆ ಶಂಖದ ಹುಳುಗಳು ಹೊರಬಿದ್ದಿವೆ. ಅಂಗೈಯಗಲದವು, ಆಫ್ರಿಕಾ ಮೂಲದವು. 1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟ ಸಂತತಿ ಇವತ್ತು ಮಾರೇನಹಳ್ಳಿಯ ಒಂದೆಲಗ ಮೇಯುತ್ತಿದೆ. ನೆರಳು, ತೇವ, ಮುಚ್ಚಿಗೆ ಇರುವ ತೋಟ ಇವಕ್ಕೆ ಇಷ್ಟ. ಅದು ನೆರಳು ತೋಟದ ನಿಜವಾದ ಕಷ್ಟ. ಸಂಜೆ ಪಪ್ಪಾಯಿ ಎಲೆ ಹಾಸಿಟ್ಟರೆ ರಾತ್ರಿ ಬಂದು ಸೇರುತ್ತವೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಯೇ ಹಿಡಿಯಬೇಕು, ಅವು ರೋಗದ ಹುಳ ಹೊತ್ತಿರಬಹುದು. ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತಿದ್ದೇನೆ. ನೆಲಕ್ಕೆ ಉಪ್ಪು ಎರಚಲು ಹೋದ ಇವರನ್ನು ತಡೆದೆ. ಹುಳದ ಜೊತೆ ಮಣ್ಣೂ ಸಾಯುತ್ತದೆ. ಮೊಟ್ಟೆಗಳು ದರಕಿನಡಿ ಗೊಂಚಲಾಗಿ ಸಿಗುತ್ತವೆ, ಅವನ್ನು ಆರಿಸುವುದು ಬೇಸರದ ಕೆಲಸ, ಆದರೂ ಮಾಡಲೇಬೇಕು.

ನವೆಂಬರ್ 13, ಬುಧವಾರ, ತುಳಸಿ ಹಬ್ಬ

ನೆಲ್ಲಿಯ ಟೊಂಗೆ ಸಿಕ್ಕಿಸಿ ಪೂಜೆ ಆಯಿತು. ಕಟ್ಟೆಯ ತುಳಸಿ ಸೆಪ್ಟೆಂಬರಿನ ನಂತರ ಬಿಸಿಲಿಲ್ಲದೆ ಬಡಕಲಾಗಿತ್ತು. ಅತ್ತೆಯ ಒಪ್ಪಿಗೆ ಪಡೆದು, ತಾರಸಿಯಲ್ಲಿ ಬೆಳೆಸಿದ ಗಿಡವನ್ನು ಕುಂಡದ ಸಮೇತ ತಂದು ಕಟ್ಟೆಯೊಳಗೆ ಇಳಿಸಿದ್ದೇವೆ. ಇನ್ನು ಎರಡು ಗಿಡ ಸರದಿಯಲ್ಲಿ. ಒಂದು ಕೆಳಗೆ ಪೂಜೆಗೆ ಇರುವಾಗ ಇನ್ನೊಂದು ಮೇಲೆ ಬಿಸಿಲು ಕುಡಿಯಲಿ.

ಸೇವಂತಿಗೆ ತಾರಸಿಯಲ್ಲಿ ಮೊಗ್ಗು ಬಿಟ್ಟಿದೆ, ಗೇಟಿನ ಬಳಿಯದು ಇಲ್ಲ. ಬಿಸಿಲಿನ ಮಾತು ಒಂದು, ಬೀದಿದೀಪದ್ದು ಇನ್ನೊಂದು. ಸೇವಂತಿಗೆ ಮೊಗ್ಗು ಕಟ್ಟಲು ದೀರ್ಘವಾದ, ಮುರಿಯದ ಕತ್ತಲು ಬೇಕು. ಹೂವಿನ ಬೆಳೆಗಾರರು ಹೂ ತಡವಾಗಲೆಂದೇ ರಾತ್ರಿ ದೀಪ ಹಾಕುತ್ತಾರೆ. ನಮ್ಮ ಗೇಟಿನ ಮೇಲಿನ ಎಲ್‌ಇಡಿ ಅದನ್ನೇ ಮಾಡುತ್ತಿದೆ. ಗಿಡಕ್ಕೆ ಬೆಳಕಿನಷ್ಟೇ ಕತ್ತಲೂ ಬೇಕು, ಪೇಟೆಯಲ್ಲಿ ಎರಡೂ ತಪ್ಪು ಹೊತ್ತಿಗೆ ಸಿಗುತ್ತವೆ.

ಡಿಸೆಂಬರ್ 21, ಶನಿವಾರ

ಇವತ್ತು ನಡುಹಗಲಿನಲ್ಲಿ ಮನೆಯ ನೆರಳು 18 ಅಡಿಗೂ ಮಿಕ್ಕು, ರಸ್ತೆಯ ನಡುವಿನವರೆಗೆ. ಹಿಂದಿನ ಕಟ್ಟಡದ ನೆರಳು ನಮ್ಮ ತಾರಸಿಯನ್ನೂ 7 ಅಡಿ ಆಕ್ರಮಿಸಿದೆ. ಅರಿಸಿನದ ಎಲೆ ಹಳದಿಯಾಗಿ ಬಾಗುತ್ತಿದೆ. ಈ ಹಳದಿಗೆ ಕೊರತೆ ಕಾರಣವಲ್ಲ, ಕಾಲ.

ಜನವರಿ 12, 2025, ಭಾನುವಾರ

ಅರಿಸಿನ ಕಿತ್ತೆವು, ಸಂಕ್ರಾಂತಿಗೆ ಸರಿಯಾಗಿ. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಅಜ್ಜಿ ನೆಲಕ್ಕೇ ಕೂತು ಮಣ್ಣು ಬಿಡಿಸಿದರು. ಕೊಂಬುಗಳು ತೆಳು, ಬಿಸಿಲು ನೆಲದ ಬೆಳೆಯ ಮುಂದೆ ಕಡಿಮೆಯೇ. ಆದರೆ ಮುರಿದರೆ ಕಡು ಕಿತ್ತಳೆ ಬಣ್ಣ, ಘಮ್ಮೆನ್ನುವ ವಾಸನೆ. ಮನೆಯ ವರ್ಷದ ಖರ್ಚಿಗೆ ಆಗುತ್ತದೆ, ಹಬ್ಬಕ್ಕೆ ನಾಲ್ಕು ಮನೆಗೆ ಹಸಿ ಕೊಂಬು ಹಂಚಿದೆವು.

ಮೇಲಿನ ಮಣ್ಣು ಕಪ್ಪಾಗಿದೆ, ಹಿಡಿದರೆ ಉಂಡೆಯಾಗಿ ಒತ್ತಿದರೆ ಪುಡಿಯಾಗುತ್ತದೆ, ಎರೆಹುಳು ಬಂದಿವೆ. ಅದರ ಕೆಳಗೆ ಬೂದು ಪದರ ಹಾಗೆಯೇ ಇದೆ. ಈ ಮೇಲ್ಮಣ್ಣಿನ ಪಿಎಚ್ 7.6. ಕೆಳಗಿನದು ಇಳಿಯಲು ಇನ್ನೂ ಎಷ್ಟೋ ವರ್ಷದ ಎಲೆ ಬೇಕು. ಅಡುಗೆಮನೆಯ ಗೋಡೆ ಒಣಗಿದೆ, ಇವರು ಈ ತಿಂಗಳು ಅದಕ್ಕೆ ಬಣ್ಣ ಹೊಡೆಸುತ್ತಾರಂತೆ. ಕಾಂಕ್ರೀಟಿನ ಬದಲು ಜಲ್ಲಿ ಕಾಲುವೆಯನ್ನು ಪಡುವಣ ಪಕ್ಕಕ್ಕೂ ಮುಂದುವರಿಸಲು ಮೇಸ್ತ್ರಿಗೆ ಹೇಳಿದ್ದಾರೆ.

ಬಿಳಿ ಗೋಡೆಗೆ ವೀಳ್ಯದ ಬಳ್ಳಿ ಹಬ್ಬಿಸಬೇಕು. ಅದಕ್ಕೆ ನೆರಳೂ ಬೇಕು, ತೇವವೂ ಬೇಕು, ಆದರೆ ನೀರು ನಿಲ್ಲಬಾರದು. ಕಡ್ಡಿ ಆಯಿ ಕಳಿಸುತ್ತಾಳೆ, ಬಸ್ಸಿನಲ್ಲಿ ಬರುವವರ ಕೈಯಲ್ಲಿ, ಮುಂಗಾರು ಹಿಡಿದ ಮೇಲೆ. ಅಷ್ಟರೊಳಗೆ ದರಕು ಇನ್ನೊಂದು ಸಲ ತುಂಬಿಸಬೇಕು. ಹೊಂಗೆ ಎಲೆ ಉದುರುವ ಕಾಲ ಹತ್ತಿರ ಬಂತು, ಗೋಣಿಚೀಲ ಹೊಂದಿಸಿಕೊಳ್ಳಬೇಕು.